ಬೆರಳು ತೋರಿಸಿದ ಕಡೆ



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದಿದ್ದರು. ಅದನ್ನು ಬಿಟ್ಟು ಅಕ್ಕನ ಮಗನ ವಿಷಯ ಹೇಳುತ್ತೇನೆ. "ಹೇಳು ತಮಾ, ಮುಚ್ಚಿಡುವುದು ಸಾಕು" ಎಂದಿದ್ದಾಳೆ ಅಕ್ಕ.

ಎರಡು ವರ್ಷವಾದರೂ ಅವನು ಹೆಸರು ಕರೆದರೆ ತಿರುಗುತ್ತಿರಲಿಲ್ಲ. ತೋಟದಲ್ಲಿ ಮಂಗಟ್ಟೆ ಹಕ್ಕಿ ಕೂತಾಗ ಬೆರಳು ತೋರಿಸಿದರೆ ಆ ಕಡೆ ನೋಡುತ್ತಿರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಎಂದರು ಮನೆಯವರು. ತೋರಿಸಿದ ವೈದ್ಯರೂ ಅದನ್ನೇ ಅಂದರು. ಆಟಿಸಂ ಎಂದು ಬೆಂಗಳೂರಿನಲ್ಲಿ ಗೊತ್ತಾಗುವಾಗ ಅವನಿಗೆ ನಾಲ್ಕೂವರೆ.

ಆ ವೈದ್ಯರನ್ನು ದೂರುವುದಿಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ. 16ರಿಂದ 30 ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಮೊದಲ ಪ್ರಶ್ನೆಯೇ, ಬೆರಳು ತೋರಿಸಿದ ಕಡೆ ಮಗು ನೋಡುತ್ತದೆಯೇ ಎಂಬುದು! ಅದು ಬರೀ ಜರಡಿ, ಆಟಿಸಂ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಮತ್ತೆ ಪರೀಕ್ಷೆ ಬೇಕು. ಅದನ್ನೂ ಊರ ವೈದ್ಯರಿಗೆ ಕಲಿಸಬಹುದು. ಅಮೆರಿಕದ ಮಿಸೌರಿಯಲ್ಲಿ ತಜ್ಞರು ವಿಡಿಯೋದಲ್ಲಿ ಹಳ್ಳಿ ವೈದ್ಯರ ಜೊತೆ ಕೂತು, ಅವರ ಬಳಿ ಬಂದ ಮಕ್ಕಳ ವಿಷಯವನ್ನೇ ಚರ್ಚಿಸಿ ಕಲಿಸುತ್ತಾರೆ. 'ಇಕೋ' ಎಂಬ ಈ ಪದ್ಧತಿ ನಮ್ಮ ನಿಮ್ಹಾನ್ಸ್‌ನಲ್ಲೂ ಇದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ವೈದ್ಯರು ಹೀಗೆ ಕಲಿಯಲು ಒಪ್ಪಿದರೆ ಕಂಪ್ಯೂಟರು, ಸಂಪರ್ಕದ ಕೆಲಸ ನನಗಿರಲಿ. ಊಟದ ಹೊತ್ತಿಗೆ ಹತ್ತನೇ ತರಗತಿ ಕೋಣೆಯಲ್ಲಿರುತ್ತೇನೆ. ಚಿಕ್ಕ ಮಕ್ಕಳಿರುವವರು ಬನ್ನಿ, ಆ 20 ಪ್ರಶ್ನೆ ತಂದಿದ್ದೇನೆ.