ತಡವಾಗಲಿ, ಸುಳ್ಳಾಗದಿರಲಿ



ಯುದ್ಧಕಾಲದ ಪತ್ರಿಕೆಗಳ ಪ್ರದರ್ಶನಕ್ಕೆ ಬೈಲಕುಪ್ಪೆಗಿಂತ ತಕ್ಕ ಜಾಗ ನಮ್ಮ ಮೈಸೂರು ಜಿಲ್ಲೆಯಲ್ಲಿಲ್ಲ. ಮೈಸೂರು ಸರ್ಕಾರ ಕೊಟ್ಟ ಕಾಡುನೆಲವನ್ನು 1960ರ ದಶಕದಲ್ಲಿ ಹಸನು ಮಾಡಿ ಇಲ್ಲಿ ಬದುಕು ಕಟ್ಟಿದವರು ಸ್ವಂತ ನೆಲ ಕಳೆದುಕೊಂಡು ಬಂದ ಟಿಬೆಟಿ ನಿರಾಶ್ರಿತರು. ಸುದ್ದಿಯ ಬೆಲೆ ಅವರಿಗೆ ಗೊತ್ತು.

ಆ ಬೆಲೆ ಅರಿತಿದ್ದ ಒಬ್ಬ ಸಂಪಾದಕರನ್ನು ಮೊದಲು ನೆನೆಯುತ್ತೇನೆ. ಕಿನ್ನೌರ ಸೀಮೆಯ ಗೆರ್ಗನ್ ದೋರ್ಜೆ ಥಾರ್ಚಿನ್ 1925ರಲ್ಲಿ ಕಾಲಿಂಪಾಂಗ್‌ನಿಂದ ಟಿಬೆಟಿ ಭಾಷೆಯಲ್ಲಿ ‘ಟಿಬೆಟ್ ಮಿರರ್’ ಹೊರಡಿಸಿದರು. ಎರಡನೇ ಮಹಾಯುದ್ಧ, 1950ರಲ್ಲಿ ಚೀನಾದ ಸೇನೆ ಟಿಬೆಟ್ಟಿಗೆ ನುಗ್ಗಿದ್ದು, 1959ರ ಲಾಸಾ ಬಂಡಾಯ, ಎಲ್ಲವನ್ನೂ ಆ ಪುಟ್ಟ ಪತ್ರಿಕೆ 1963ರಲ್ಲಿ ನಿಲ್ಲುವವರೆಗೂ ಓದುಗರಿಗೆ ಮುಟ್ಟಿಸಿತು. ನಮ್ಮ ಮೈಸೂರಿಗೂ ಇಂಥ ಪರಂಪರೆಯಿದೆ. 1908ರಲ್ಲಿ ಸಂಸ್ಥಾನ ಪತ್ರಿಕೆಗಳಿಗೆ ಮೂಗುದಾರ ಹಾಕುವ ಶಾಸನ ತಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ತಲೆಬಾಗದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಹಾಗಾದರೆ ಯುದ್ಧ ನಡೆಯುವಾಗ ತಿಳಿದದ್ದನ್ನೆಲ್ಲ ಬರೆಯಬೇಕೇ? ಇದಕ್ಕೆ ಉತ್ತರ ಟಿಬೆಟಿ ಸೈನಿಕರ ಚರಿತ್ರೆಯಲ್ಲೇ ಇದೆ. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಭಾರತ ಸರ್ಕಾರ ಟಿಬೆಟಿ ಯುವಕರ ಗುಪ್ತಪಡೆಯೊಂದನ್ನು ಕಟ್ಟಿತು. 1971ರ ನವೆಂಬರಿನಲ್ಲಿ, ಪಾಕಿಸ್ತಾನದೊಂದಿಗೆ ಬಹಿರಂಗ ಯುದ್ಧ ಶುರುವಾಗುವ ಮೊದಲೇ, ಆ ಪಡೆ ಚಿತ್ತಗಾಂಗ್ ಬೆಟ್ಟಗಳಿಗೆ ಇಳಿಯಿತು. ಅಂದು ಯಾವನಾದರೂ ವರದಿಗಾರ ಅವರ ದಾರಿಯನ್ನು ಅಚ್ಚು ಹಾಕಿದ್ದರೆ ಅದು ಕೊಲೆಗೆ ಸಮ. ಆಗ ಮೌನವೇ ಧರ್ಮ.

ಆದರೆ ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು, ಬಾಂಗ್ಲಾದೇಶ ಹುಟ್ಟಿತು. ಐವತ್ತಕ್ಕೂ ಹೆಚ್ಚು ಟಿಬೆಟಿ ಯೋಧರು ಪ್ರಾಣ ಕೊಟ್ಟಿದ್ದರು. ಪಡೆಯೇ ಗುಪ್ತವಾಗಿದ್ದರಿಂದ ಅವರ ಹೆಸರಿಗೆ ಬಹಿರಂಗ ಗೌರವ ಸಿಗಲಿಲ್ಲ. ಪಡೆಯನ್ನು ನಡೆಸಿದ ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್ ಅವರ ಪುಸ್ತಕ ಬಂದದ್ದು 1985ರಲ್ಲಿ. 2020ರಲ್ಲಿ ಲಡಾಖ್‌ನಲ್ಲಿ ಮಡಿದ, ಇದೇ ಪಡೆಯ ಕಂಪನಿ ಲೀಡರ್ ನೀಮಾ ತೆನ್‌ಜಿನ್ ಅವರ ಅಂತ್ಯಕ್ರಿಯೆ ಜನರೆದುರು ನಡೆದಾಗಲೇ ದೇಶದ ಬಹುಪಾಲು ಜನ ಈ ಪಡೆಯ ಹೆಸರು ಕೇಳಿದ್ದು. ಸೈನಿಕನ ಚಲನವಲನ ಗುಟ್ಟಾಗಿರಬೇಕು, ಒಪ್ಪುತ್ತೇನೆ. ಅವನ ಸಾವನ್ನು ದಶಕಗಟ್ಟಲೆ ಗುಟ್ಟಾಗಿಡುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ತುದಿಯ ತಪ್ಪನ್ನೂ ನಾವು ಕಂಡಿದ್ದೇವೆ. 2008ರ ಮುಂಬೈ ದಾಳಿಯ ವೇಳೆ ಕಮಾಂಡೊ ಕಾರ್ಯಾಚರಣೆಯನ್ನು ವಾಹಿನಿಗಳು ನೇರವಾಗಿ ತೋರಿಸಿದವು. ಅದನ್ನು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಲಾಗದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿತು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ವೇಳೆ ನಡೆದದ್ದು ಇನ್ನೂ ಘೋರ. ಕರಾಚಿ ಬಂದರು ನಾಶವಾಯಿತೆಂದು ಕೆಲವು ವಾಹಿನಿಗಳು ರಾತ್ರಿಯಿಡೀ ಸುಳ್ಳು ಕೂಗಿದವು. ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಬಲಿಯಾದ, ನಮ್ಮದೇ ದೇಶದ ಮದರಸಾ ಶಿಕ್ಷಕರೊಬ್ಬರನ್ನು ಭಯೋತ್ಪಾದಕನೆಂದು ತೋರಿಸಿದವು. ಪೊಲೀಸರೇ ಮುಂದೆ ಬಂದು ಅಲ್ಲಗಳೆಯಬೇಕಾಯಿತು. ಹೆಣದ ಮುಂದೆ ಕುಳಿತ ಮನೆಯವರಿಗೆ ಕಳಂಕವನ್ನೂ ಹೊರಿಸಿದ ಆ ಸುದ್ದಿಯಿಂದ ಯಾವ ದೇಶ ಉಳಿಯಿತು? ಅದೇ ದಿನಗಳಲ್ಲಿ ‘ದಿ ವೈರ್’ ಸುದ್ದಿತಾಣವನ್ನು ಸರ್ಕಾರ ತಡೆಹಿಡಿದಿತ್ತು. ಸುಳ್ಳು ಕೂಗಿದ ವಾಹಿನಿಗಳು ಎಂದಿನಂತೆ ನಡೆದವು. ಅಧಿಕಾರಕ್ಕೆ ಹಿತವಾದ ಸುಳ್ಳಿಗೆ ರಿಯಾಯಿತಿ, ಹಿತವಲ್ಲದ ವರದಿಗೆ ಬೀಗ ಎಂದಾದರೆ ಸಂವಿಧಾನದ 19ನೇ ವಿಧಿಗೆ ಅರ್ಥವೇ ಉಳಿಯುವುದಿಲ್ಲ.

ಆದ್ದರಿಂದ ಪತ್ರಕರ್ತ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟು: ಜೀವಕ್ಕೆ ಅಪಾಯವಿರುವ ಸುದ್ದಿಯನ್ನು ತಡೆದಿಟ್ಟುಕೊಳ್ಳಿ, ಖಚಿತವಾಗದ್ದನ್ನು ಬಿಟ್ಟುಬಿಡಿ, ಖಚಿತವಾದ ಕಹಿಸತ್ಯವನ್ನು ಅಂಜದೆ ಬರೆಯಿರಿ. ಸರ್ಕಾರದಲ್ಲಿ ಬೇಡಿಕೆ: ಯುದ್ಧದ ಗುಟ್ಟು ಯುದ್ಧದೊಂದಿಗೇ ಮುಗಿಯಲಿ, ಮಡಿದವರ ಹೆಸರು ಹೊರಬರಲಿ. ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಮೊಬೈಲ್ ಕೂಡ ಒಂದು ಪತ್ರಿಕೆಯೇ. ಯಾರು ಹೇಳಿದರು, ಹೇಗೆ ಗೊತ್ತು ಎಂದು ಕೇಳದೆ ಯಾವುದನ್ನೂ ಮುಂದಕ್ಕೆ ಕಳಿಸಬೇಡಿ.

ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಎಲ್ಲರೂ ಒಳಗೆ ಬಂದು ಒಂದೊಂದು ಪುಟವನ್ನೂ ನಿಧಾನವಾಗಿ ಓದಿ.