ಬಿ.ಕಾಂ ಓದಿದವರಿಗೆ ವಿಜ್ಞಾನ ಸಂಘದಲ್ಲಿ ಏನು ಕೆಲಸ?

ಇವತ್ತು ವಿಜ್ಞಾನ ಸಂಘಗಳ ಬಗ್ಗೆ ಮಾತಾಡೋಣ. ಅದರಲ್ಲೂ ಅವುಗಳ ಒಳಗಿರುವ ಸಣ್ಣ ಗುಂಪುಗಳ ಬಗ್ಗೆ. ಹಕ್ಕಿ ನೋಡುವವರದ್ದು ಒಂದು, ಚಿಟ್ಟೆಯವರದ್ದು ಒಂದು, ಗಿಡಮರದವರದ್ದು ಇನ್ನೊಂದು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲೇ ಒಂದು ತೀರ್ಮಾನ ಆಗಿಬಿಡುತ್ತೆ. ಸೈನ್ಸಾ, ಕಾಮರ್ಸಾ, ಆರ್ಟ್ಸಾ? ನಾನು ಕಾಮರ್ಸ್ ತಗೊಂಡೆ, ಬಿ.ಕಾಂ ಮುಗಿಸಿದೆ. ಆಮೇಲೆ ಒಂದು ಹುಳು, ಒಂದು ಹೂವಿನ ಬಗ್ಗೆ ಕೇಳಿದರೂ "ನಿನಗ್ಯಾಕೆ ಅದೆಲ್ಲ, ನೀನು ಅಕೌಂಟ್ಸ್ ಅಲ್ವಾ?" ಅನ್ನೋ ಮಾತು. ನಿಮ್ಮಲ್ಲೂ ತುಂಬಾ ಜನ ಇದನ್ನ ಕೇಳಿರ್ತೀರಿ. ಹದಿನಾರರಲ್ಲಿ ಮಾಡಿದ ಆಯ್ಕೆ ಜೀವನಪೂರ್ತಿ ಬಾಗಿಲು ಹಾಕಿಬಿಡಬೇಕಾ? ಬೇಡ ಅನ್ನೋದಕ್ಕೆ ನನ್ನ ಹತ್ತಿರ ಒಂದು ಹಳೆಯ ಉದಾಹರಣೆ ಇದೆ.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದ್ರೆ ಬಿಎನ್‌ಎಚ್‌ಎಸ್. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಸೇರಿ ಶುರು ಮಾಡಿದ್ದು. ಮುಂದಿನ ವರ್ಷ ಅದಕ್ಕೊಂದು ಕೋಣೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಒಂದು ವೈನ್ ಅಂಗಡಿಯ ಹಿಂಭಾಗದಲ್ಲಿ! ಅಂಗಡಿಯ ಮಾಲೀಕ ಹರ್ಬರ್ಟ್ ಫಿಪ್ಸನ್. ಪಕ್ಕಾ ವ್ಯಾಪಾರಿ. ಮುಂದೆ ಅವರೇ ಸಂಘದ ಕಾರ್ಯದರ್ಶಿಯೂ ಆದರು. 1886ರಲ್ಲಿ ಸಂಘದ ಜರ್ನಲ್ ಶುರುವಾಯ್ತು. ಆರಂಭದ ವರ್ಷಗಳಲ್ಲೇ ಸದಸ್ಯರು ಪ್ರಾಣಿ-ಪಕ್ಷಿ, ಕೀಟ, ಸಸ್ಯ ಹೀಗೆ ವಿಭಾಗ ಮಾಡಿಕೊಂಡರು.

ವಿಭಾಗ ಯಾಕೆ ಬೇಕಾಯ್ತು? ದೊಡ್ಡ ಸಂಘದ ಸಭೆಗೆ ಹೋದರೆ ನಾವು ಕೇಳುಗರು ಅಷ್ಟೇ. ಭಾಷಣ ಕೇಳ್ತೀವಿ, ಚಪ್ಪಾಳೆ ತಟ್ಟಿ ಬರ್ತೀವಿ. ಸಣ್ಣ ಗುಂಪಲ್ಲಿ ಹಾಗಾಗಲ್ಲ. ಹತ್ತು ಜನ ಒಂದೇ ಹುಳುವಿನ ಸುತ್ತ ಕೂತಿದ್ದಾಗ "ನೀವು ಏನು ನೋಡಿದಿರಿ?" ಅನ್ನೋ ಪ್ರಶ್ನೆ ನಮಗೂ ಬರುತ್ತೆ. ಅಲ್ಲಿ ಡಿಗ್ರಿ ಕೇಳೋದಕ್ಕಿಂತ ಮೊದಲು ನೋಡಿದ್ದನ್ನ ಕೇಳ್ತಾರೆ.

ಈ ಕಥೆ ಕಾರವಾರಕ್ಕೂ ಬರುತ್ತೆ. ಆಗ ಉತ್ತರ ಕನ್ನಡ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಸಂಘ ಕಟ್ಟಿದ ಎಂಟು ಜನರಲ್ಲಿ ಒಬ್ಬರಾದ ಇ. ಎಚ್. ಏಟ್ಕೆನ್ ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ, ಕೆಲಸದ ಮೇಲೆ ಕಾರವಾರಕ್ಕೆ ಬಂದರು. ಜೆ. ಡೇವಿಡ್ಸನ್ ಕಂದಾಯ ಆಡಳಿತದವರು, ಜಿಲ್ಲೆಯ ಕಲೆಕ್ಟರ್. ಟಿ. ಆರ್. ಬೆಲ್ ಅರಣ್ಯ ಇಲಾಖೆಯವರು. ಮೂರು ಇಲಾಖೆ, ಮೂರು ಬೇರೆ ಬೇರೆ ನೌಕರಿ. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1890ರ ದಶಕದಲ್ಲಿ ಸಂಘದ ಜರ್ನಲ್‌ನಲ್ಲಿ ಬರೆದರು. ಚಿಟ್ಟೆ ಹಿಡಿದು ಪಿನ್ ಚುಚ್ಚಿ ಸುಮ್ಮನಾಗಲಿಲ್ಲ. ಕಂಬಳಿಹುಳು ತಂದು ಸಾಕಿದರು. ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತೆ, ಅದರ ಕೋಶ ಹೇಗಿರುತ್ತೆ ಅಂತ ಬರೆದಿಟ್ಟರು. ಬೆಲ್ ಅಂತೂ ನಿವೃತ್ತಿಯಾದ ಮೇಲೂ ಕಾರವಾರದಲ್ಲೇ ಉಳಿದರು, 1948ರಲ್ಲಿ ತೀರಿಕೊಳ್ಳುವವರೆಗೂ.

ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಆಯ್ತು. ಇವತ್ತು ಆ ಕಾಡಲ್ಲಿ ಏನು ಉಳಿದಿದೆ, ಏನು ಕಡಿಮೆಯಾಗಿದೆ ಅಂತ ಯಾರಾದರೂ ಕೇಳಿದರೆ, ಹೋಲಿಸೋಕೆ ಒಂದು ಹಳೆಯ ಲೆಕ್ಕ ಇದೆ. ಬರೆದಿಡದ ಊರುಗಳಿಗೆ ಆ ಅನುಕೂಲ ಇಲ್ಲ. ನಿಮ್ಮೂರಿನ ಕೆರೆ ಮುಚ್ಚಿ ಲೇಔಟ್ ಆಗುವಾಗ "ಇಲ್ಲಿ ಏನೂ ಇರಲಿಲ್ಲ" ಅಂತ ಯಾರಾದರೂ ಹೇಳಿದರೆ, ಇತ್ತು ಅಂತ ತೋರಿಸೋಕೆ ನಿಮ್ಮ ಕೈಯಲ್ಲಿ ಏನಿರುತ್ತೆ ಹೇಳಿ?

ಕಾಮರ್ಸ್‌ನವರಿಗೆ ಇನ್ನೊಂದು ಖುಷಿಯ ವಿಷಯ. ಪಕ್ಷಿತಜ್ಞ ಸಲೀಂ ಅಲಿ ಗೊತ್ತಲ್ಲ? ಅವರು ಮುಂಬೈನ ದಾವರ್ಸ್ ಕಾಮರ್ಸ್ ಕಾಲೇಜಲ್ಲಿ ಅಕೌಂಟೆನ್ಸಿ ಮತ್ತು ವಾಣಿಜ್ಯ ಕಾನೂನು ಓದಿದವರು. ಬೆಳಿಗ್ಗೆ ಅಲ್ಲಿ ಕ್ಲಾಸ್ ಮುಗಿಸಿ, ಆಮೇಲೆ ಸೇಂಟ್ ಝೇವಿಯರ್ಸ್‌ಗೆ ಹೋಗಿ ಪ್ರಾಣಿಶಾಸ್ತ್ರದ ಪಾಠ ಕೇಳ್ತಿದ್ದರು. ಹುಡುಗನಾಗಿದ್ದಾಗಲೇ ಒಂದು ಗುಬ್ಬಚ್ಚಿಯ ಗುರುತು ತಿಳಿಯೋಕೆ ಬಿಎನ್‌ಎಚ್‌ಎಸ್‌ಗೆ ಹೋದವರು ಅವರು. ಅಲ್ಲಿ ಅವರಿಗೆ ಹಕ್ಕಿಗಳ ಸಂಗ್ರಹ ತೋರಿಸಿದ ಮಿಲಾರ್ಡ್ ಕೂಡ ಆ ವೈನ್ ಕಂಪನಿಯವರೇ!

ನಾವು ಅಕೌಂಟ್ಸ್‌ನಲ್ಲಿ ಕಲಿಯೋ ಮೊದಲ ಪಾಠ ಏನು? ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಮ್ಯೂಸಿಯಂನಲ್ಲಿ ಸಾಕ್ಷಿಯಾಗಿ ಇಡೋ ಮಾದರಿಗೂ ವೋಚರ್ ಅಂತಲೇ ಕರೀತಾರೆ. ದಿನಾಂಕ, ಜಾಗ, ನೋಡಿದವರ ಹೆಸರು ಇಲ್ಲದಿದ್ದರೆ ಎಷ್ಟೇ ಚಂದದ ಚಿಟ್ಟೆಯಾದರೂ ದಾಖಲೆಯಾಗಿ ಅದರ ಬೆಲೆ ತೀರಾ ಕಡಿಮೆ. ಈಗಿನ ಫೋನ್ ಆ್ಯಪ್‌ಗಳೂ ಇದೇ ಲೆಕ್ಕದಲ್ಲಿ ನಡೆಯುತ್ತವೆ. ಐನ್ಯಾಚುರಲಿಸ್ಟ್‌ನಲ್ಲಿ ಫೋಟೋ, ದಿನಾಂಕ, ಜಾಗ ಎಲ್ಲ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಪ್ಪಿದರೆ ಮಾತ್ರ ಅದು ಸಂಶೋಧನೆಗೆ ಯೋಗ್ಯ ಅನ್ನೋ ದರ್ಜೆಗೆ ಏರುತ್ತೆ. ಒಂಥರಾ ಆಡಿಟ್!

ಹಾಗಂತ ಆ ಹಳೇ ಸಂಘವನ್ನ ಬರೀ ಹೊಗಳೋದೂ ಸರಿಯಲ್ಲ. ಮೊದಲ ಎಂಟು ಜನರಲ್ಲಿ ಭಾರತೀಯರು ಇಬ್ಬರೇ: ಆತ್ಮಾರಾಮ್ ಪಾಂಡುರಂಗ್ ಮತ್ತು ಸಖಾರಾಮ್ ಅರ್ಜುನ್, ಇಬ್ಬರೂ ಡಾಕ್ಟರು. ಬಿಡುವು, ಅಧಿಕಾರ, ಇಂಗ್ಲಿಷ್ ಇದ್ದವರಿಗೆ ಬಾಗಿಲು ಸುಲಭವಾಗಿ ತೆರೆಯಿತು. ಇವತ್ತೂ ಲ್ಯಾಟಿನ್ ಹೆಸರು, ದುಬಾರಿ ಕ್ಯಾಮೆರಾ ನೋಡಿ ಹಿಂದೆ ಸರಿಯೋರು ಇದ್ದಾರೆ. ಅಂಥವರಿಗೆ ನಾನು ಹೇಳೋದು ಇಷ್ಟೇ: ಗಿಡದ ಕನ್ನಡ ಹೆಸರು, ಅದು ಯಾವ ತಿಂಗಳು ಹೂ ಬಿಡುತ್ತೆ ಅನ್ನೋದು ನಿಮ್ಮ ಅಜ್ಜಿಗೆ ಗೊತ್ತಿದ್ದರೆ, ಗುಂಪಿಗೆ ಅದು ಬೇಕಾದ ಮಾಹಿತಿ. ಕೇಳಿ ಬರ್ಕೊಂಡು ಹೋಗಿ.

ಈಗ ಸೇರೋದು ಹೇಗೆ? ಮೊದಲು ಒಂದೇ ವಿಷಯ ಆರಿಸಿಕೊಳ್ಳಿ. ಹಕ್ಕಿ, ಚಿಟ್ಟೆ, ಮರ, ನಕ್ಷತ್ರ ಎಲ್ಲಕ್ಕೂ ಒಟ್ಟಿಗೆ ಹೋದರೆ ಯಾವುದರಲ್ಲೂ ನಿಲ್ಲಲ್ಲ. ಬೆಂಗಳೂರಲ್ಲಿದ್ದರೆ ಪಕ್ಷಿವೀಕ್ಷಕರು ದಶಕಗಳಿಂದ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ರೂಢಿ ಇದೆ. ಬೇರೆ ಊರಲ್ಲಿದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಒಂದು ಸಲ ಹೋಗಿ ಬಿಡಬೇಡಿ. ಕನಿಷ್ಠ ನಾಲ್ಕು ಸಲ ಹೋಗಿ, ಆಮೇಲೆ ತೀರ್ಮಾನ ಮಾಡಿ. ಮೂರನೇ ಸಲಕ್ಕೆ ಒಂದು ಜವಾಬ್ದಾರಿ ಕೇಳಿ ತಗೊಳ್ಳಿ: ಪಟ್ಟಿ ಬರೆಯೋದು, ಹಳೆಯ ನೋಟ್‌ಬುಕ್ ಎಕ್ಸೆಲ್‌ಗೆ ಹಾಕೋದು, ಚಂದಾ ಲೆಕ್ಕ ನೋಡೋದು. ನಮ್ಮ ಓದು ಅಲ್ಲಿ ಕೆಲಸಕ್ಕೆ ಬರುತ್ತೆ ರೀ! ಇನ್ನೊಂದು, ಗೂಡಿನ ಜಾಗವನ್ನ ಯಾವ ಕಾರಣಕ್ಕೂ ಸ್ಟೇಟಸ್‌ಗೆ ಹಾಕಬೇಡಿ.

ಗುಂಪು ಸಿಗೋವರೆಗೆ ಒಂದು ಕೆಲಸ ಕೊಡ್ತೀನಿ. ಮನೆ ಹತ್ತಿರ ಕರಿಬೇವಿನ ಗಿಡ ಇದ್ದರೆ ಎಲೆ ತಿರುಗಿಸಿ ನೋಡಿ. ಹಕ್ಕಿ ಹಿಕ್ಕೆಯ ಥರ ಕಾಣೋ ಸಣ್ಣ ಹುಳು ಕಂಡರೆ ಹೊಸಕಬೇಡಿ, ಅದು ಕಾಮನ್ ಮಾರ್ಮನ್ ಅನ್ನೋ ಚಿಟ್ಟೆಯ ಮರಿ ಇರಬಹುದು. ದಿನಾಂಕ ಬರೆದು, ದಿನಕ್ಕೊಂದು ಫೋಟೋ ತೆಗೆದಿಡಿ. ಗುಂಪಿಗೆ ಮೊದಲ ದಿನ ಹೋಗುವಾಗ ಆ ಫೋಟೋಗಳನ್ನ ತಗೊಂಡು ಹೋಗಿ. ಏನಾಯ್ತು ಅಂತ ನಮಗೂ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಕೇಳಿಸೋಣ.