ನಂಬಿಕೆಯೂ ಅನುಭವವೂ



ಈ ಸಾಯಂಕಾಲ ನಾವು ಆಡಬೇಕೆಂದಿರುವ ಮಾತು ಹತ್ತಿಕುಣಿಯ ಮುದುಕರೊಬ್ಬರ ಪ್ರಶ್ನೆಯಿಂದ ಹುಟ್ಟಿದುದು. ಹತ್ತಿಕುಣಿ ಯಾದಗಿರಿಯ ಕಡೆಯ ಊರು; ಜಲಾಶಯದ ಹೆಸರಿನಿಂದ ನಿಮ್ಮಲ್ಲಿ ಕೆಲವರು ಅದನ್ನು ಕೇಳಿರಬಹುದು. ಆ ಸೀಮೆಯ ಕ್ರೈಸ್ತರಲ್ಲಿ ಬಹುಮಂದಿ ಮೆಥೊಡಿಸ್ಟ್ ಸಭೆಗೆ ಸೇರಿದವರು. ನಿಜಾಮರ ಸಂಸ್ಥಾನದ ಕಾಲದಲ್ಲಿ ಅಮೆರಿಕದ ಮಿಷನರಿಗಳ ಕೆಲಸದಿಂದ ಈ ಸಭೆ ಅಲ್ಲಿ ಬೇರೂರಿತು. ಈಗ ತೆಲಂಗಾಣಕ್ಕೆ ಸೇರಿರುವ ಧಾರೂರಿನಲ್ಲಿ, 1923ರಿಂದ ಮೊದಲಾಗಿ, ನವೆಂಬರ್ ತಿಂಗಳಿನಲ್ಲಿ ಈ ಸಭೆಯವರ ದೊಡ್ಡ ಜಾತ್ರೆ ಕೂಡುತ್ತದೆ. ನಮ್ಮ ಕಡೆಯವರು ವಾಡಿ, ತಾಂಡೂರುಗಳ ಮಾರ್ಗವಾಗಿ ರೈಲಿನಲ್ಲಿ ಅಲ್ಲಿಗೆ ಹೋಗಿ, ಗುಡಾರ ಹಾಕಿ, ಒಲೆ ಹೂಡಿ, ಹಾಡು, ಪ್ರಾರ್ಥನೆ, ಪ್ರಸಂಗಗಳಲ್ಲಿ ಕೆಲವು ದಿನ ಕಳೆದು ಬರುವರು.

ಹೀಗೆ ಹೋಗಿ ಬಂದ ಆ ಮುದುಕರನ್ನು, ಪ್ರಯಾಣ ಸುಖವಾಯಿತೆ ಎಂದು ನಾವು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಯ್ಯನವರೆ, ಬಾಜೂಕ ಕುಂತವರೆಲ್ಲಾ ಅತ್ತರು, ನಡುಗಿದರು, ದೇವರು ಮಾತಾಡಿದಂಗ ಆತು ಅಂದರು. ನಾನೂ ಮೂರು ರಾತ್ರಿ ಮೊಣಕಾಲೂರಿದೆ. ನನಗ ಏನೂ ಆಗಲಿಲ್ಲ. ನನ್ನ ಹೆಸರು ಜೀವದ ಪುಸ್ತಕದಾಗ ಇಲ್ಲೇನು?" ಎಂದರು.

ಇವರು ಯೌವನದಿಂದ ಭಾನುವಾರದ ಆರಾಧನೆಯನ್ನು ತಪ್ಪಿಸದವರು. ಹಾಸಿಗೆ ಹಿಡಿದ ಹೆಂಡತಿಗೆ ಆರು ವರ್ಷ ತಾವೇ ಉಣಿಸಿ, ತೊಳೆದು, ಕೊನೆಯವರೆಗೂ ನೋಡಿಕೊಂಡವರು. ಅಂಥವರಿಗೆ ನಾವು ಕೊಟ್ಟ ಉತ್ತರವೇನು? "ಮುತ್ಯಾ, ಮುಂದಿನ ವರ್ಷ ಆದೀತು" ಎಂದೆವು! ಊರ ಹೊರಗೆ ಬರುವಷ್ಟರಲ್ಲಿಯೇ ಆ ಮಾತಿಗಾಗಿ ನಮಗೆ ನಾಚಿಕೆಯಾಯಿತು. ಮುಂದಿನ ವರ್ಷವೂ ಆಗದಿದ್ದರೆ? ಆದರೂ, ಅದರ ಮುಂದಿನ ವರ್ಷ ಮತ್ತೆ ಇಲ್ಲವಾದರೆ? ಅವರ ದೇವರನ್ನು ನಾವು ಅವರ ನರಗಳಿಗೆ ಕಟ್ಟಿಹಾಕಿ ಬಂದಿದ್ದೆವು.

ನಮ್ಮ ಸೀಮೆಯಲ್ಲಿ ಮೈಮೇಲೆ ಬರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಮೈ ನಡುಗಿತು, ದೇವರು ಬಂದಿತು. ನಡುಕ ನಿಂತಿತು, ದೇವರು ಇಳಿಯಿತು. ಬೇರೆಯವರ ಆಚಾರವನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆದರೆ ಇದೇ ಅಳತೆಗೋಲನ್ನು ನಾವು ಗೊತ್ತಿಲ್ಲದೆಯೇ ಕ್ರಿಸ್ತನ ಸನ್ನಿಧಿಗೂ ತಂದುಬಿಟ್ಟಿದ್ದೇವೆ. ಏರುವುದೂ ಇಳಿಯುವುದೂ ನಮ್ಮ ಮೈಯ ಧರ್ಮ. ನಿದ್ರೆ ಕೆಟ್ಟ ರಾತ್ರಿ, ಸಾವಿರ ಕಂಠಗಳ ಹಾಡು, ಪಕ್ಕದವರ ಕಣ್ಣೀರು, ಇವೆಲ್ಲ ಸೇರಿದರೆ ಯಾರ ಎದೆಯಾದರೂ ಕರಗೀತು. ಅದು ದೇವರ ಕೆಲಸವಲ್ಲವೆಂದು ಹೇಳಲು ನಾವು ಯಾರು? ಅದೇ ದೇವರೆಂದು ಹೇಳಲೂ ನಮಗೆ ಅಧಿಕಾರವಿಲ್ಲ.

ಕನ್ನಡ ಸತ್ಯವೇದ ಇಲ್ಲಿ ಬಳಸುವ ಮಾತು ನಂಬಿಕೆ. ಈ ಮಾತನ್ನು ನಾವು ಮನೆಯಲ್ಲಿ ಹೇಗೆ ಆಡುತ್ತೇವೆ, ನೋಡಿ. ಮಳೆಯನ್ನು ನಂಬಿ ಬಿತ್ತಿದೆವು ಎನ್ನುತ್ತೇವೆ. ಆ ಮನೆಯವರನ್ನು ನಂಬಿ ಮಗಳನ್ನು ಕೊಟ್ಟೆವು ಎನ್ನುತ್ತೇವೆ. ಮಗಳನ್ನು ಕೊಟ್ಟ ದಿನ ತಂದೆಯ ಎದೆಯಲ್ಲಿರುವುದು ಬಹುಮಟ್ಟಿಗೆ ಅಳುಕು. ಆದರೂ ಅವನು ನಂಬಿದ್ದಾನೆ, ಏಕೆಂದರೆ ಕೊಟ್ಟಿದ್ದಾನೆ. ನಂಬುವವನ ಕಣ್ಣು ತಾನು ನಂಬಿದವರ ಮೇಲೆ ಇರುತ್ತದೆ. ಅನುಭವವನ್ನು ಬೆನ್ನಟ್ಟುವವನ ಕಣ್ಣಾದರೋ ತನ್ನ ಎದೆಯ ಮೇಲೆಯೇ: ಈಗ ಬೆಚ್ಚಗಾಯಿತೆ, ಈಗ ತಣ್ಣಗಾಯಿತೆ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾನೆ. ದೇವರ ಹೆಸರಿನಲ್ಲಿ ಅವನು ತನ್ನನ್ನೇ ಕಾಯುತ್ತಿದ್ದಾನೆ.

ಪ್ರವಾದಿಯಾದ ಎಲೀಯನು ಹೋರೇಬ್ ಬೆಟ್ಟದಲ್ಲಿ ನಿಂತಾಗ ಬಂಡೆ ಸೀಳುವ ಗಾಳಿ ಬಂದಿತು, ಭೂಕಂಪವಾಯಿತು, ಬೆಂಕಿ ಕಾಣಿಸಿತು. ದೇವರು ಅವುಗಳಲ್ಲಿ ಇರಲಿಲ್ಲ. ಬಳಿಕ ಬಹು ಮೆಲ್ಲನೆಯ ಶಬ್ದವೊಂದು ಕೇಳಿಸಿತು. ಪೌಲನಂತೂ ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟವನು. ಆ ಸಂಗತಿಯನ್ನು ಅವನು ಹದಿನಾಲ್ಕು ವರ್ಷದ ಮೇಲೆ, ಯಾರೋ ಮೂರನೆಯವನದೆಂಬಂತೆ, ಸಂಕೋಚದಿಂದ ಹೇಳಿ ಮುಗಿಸಿದನು. ಅವನು ಹೆಚ್ಚಳಪಟ್ಟುದು ತನ್ನ ದೇಹದಲ್ಲಿ ನಾಟಿದ್ದ ಮುಳ್ಳಿನ ವಿಷಯದಲ್ಲಿ. ಅದನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡರೂ ತೆಗೆಯಲಿಲ್ಲ. ಕೃಪೆಯೊಂದೇ ಸಾಕೆಂಬ ಉತ್ತರ ದೊರೆಯಿತು.

ಮೆಥೊಡಿಸ್ಟರು ಹೃದಯದ ಅನುಭವಕ್ಕೆ ಹೆಸರಾದವರಲ್ಲವೆ, ಅವರಿಗೆ ಈ ಮಾತು ಹೇಗೆ ಒಪ್ಪೀತು ಎಂದು ಕೇಳುವವರಿದ್ದಾರೆ. ಹಾಗಾದರೆ ಆ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯನ್ನೇ ಕೇಳೋಣ. 1738ನೆಯ ಇಸವಿ ಮೇ 24ರ ರಾತ್ರಿ, ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಕೇಳುತ್ತಾ ಕೇಳುತ್ತಾ ವೆಸ್ಲಿಯ ಎದೆ ಅಪೂರ್ವವಾಗಿ ಬೆಚ್ಚಗಾಯಿತು. ಈ ಕಥೆ ಎಲ್ಲ ಪ್ರಸಂಗಗಳಲ್ಲಿಯೂ ಬರುತ್ತದೆ. ಅದರ ಮುಂದಿನ ಭಾಗ ಅಷ್ಟಾಗಿ ಬರುವುದಿಲ್ಲ. ನಮ್ಮ ಪ್ರಸಂಗಿಗಳಿಗೆ ಅದೇಕೋ ರುಚಿಸದು. ಸ್ವಲ್ಪ ಹೊತ್ತಿನಲ್ಲಿಯೇ ಅವನೊಳಗೆ ಒಂದು ಸಂದೇಹ ಎದ್ದಿತು: ಇದು ನಂಬಿಕೆಯಾಗಿದ್ದರೆ ಆನಂದ ಎಲ್ಲಿ? ನಂಬಿಕೆಗೆ ಶಾಂತಿ ಬೇಕು, ಪಾಪದ ಮೇಲೆ ಜಯ ಬೇಕು. ಉಕ್ಕುವ ಆನಂದವನ್ನಾದರೋ ದೇವರು ತನ್ನ ಇಚ್ಛೆಯಂತೆ ಕೆಲವೊಮ್ಮೆ ಕೊಡುವನು, ಕೆಲವೊಮ್ಮೆ ತಡೆಯುವನು ಎಂದು ಆಗಲೇ ತಿಳಿದುಕೊಂಡುದಾಗಿ ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ.

ಮರುವರ್ಷ ಜನವರಿಯಲ್ಲಿ ಅದೇ ವೆಸ್ಲಿ, ತಾನಿನ್ನೂ ಕ್ರೈಸ್ತನೇ ಅಲ್ಲವೆಂದು ಬರೆದುಕೊಂಡನು. ಆ ವರ್ಷವೇ ಬ್ರಿಸ್ಟಲ್ ಪಟ್ಟಣದ ಬಯಲುಗಳಲ್ಲಿ ಪ್ರಸಂಗಕ್ಕೆ ನಿಂತನು. ಅವನ ಮಾತು ಕೇಳಿ ಜನ ಕೂಗಿಕೊಂಡು ಬಿದ್ದದ್ದುಂಟು. 1766ರಲ್ಲಿ, ವಯಸ್ಸು ಅರವತ್ತು ದಾಟಿದಾಗ, ತಮ್ಮನಾದ ಚಾರ್ಲ್ಸನಿಗೆ ಗುಟ್ಟಾಗಿ ಒಂದು ಕಾಗದ ಬರೆದನು. ತನ್ನೊಳಗೆ ದೇವರ ಪ್ರೀತಿಯೇ ಕಾಣದೆಂದೂ, ಹಿಂದೆಯೂ ಇರಲಿಲ್ಲವೆಂದೂ, ಆದರೂ ದೇವರ ಕೆಲಸದ ಆಸಕ್ತಿ ಕುಗ್ಗದೆ ಹೆಚ್ಚುತ್ತಲೇ ಇದೆಯೆಂದೂ ಅದರಲ್ಲಿ ಹೇಳಿದನು. ಆಮೇಲೆಯೂ ಇಪ್ಪತ್ತನಾಲ್ಕು ವರ್ಷಕ್ಕೂ ಮೇಲ್ಪಟ್ಟು ಬದುಕಿ, 1791ರಲ್ಲಿ ತೀರಿಕೊಳ್ಳುವ ವರ್ಷದವರೆಗೂ ಪ್ರಸಂಗ ಮಾಡಿದನು. ಬೆಚ್ಚಗಾದ ಎದೆಯೊಂದನ್ನೇ ನೆಚ್ಚಿದ್ದರೆ ಅವನು 1739ಕ್ಕೇ ಮನೆಗೆ ಹೋಗಬೇಕಾಗಿತ್ತು.

ನಮ್ಮ ದೇಶದ ಮಾತನ್ನೇ ಹೇಳಬೇಕಾದರೆ ಕಲ್ಕತ್ತೆಯ ಮದರ್ ತೆರೇಸಾ ಇದ್ದಾರೆ. 1946ರಲ್ಲಿ ಡಾರ್ಜಿಲಿಂಗಿನ ಕಡೆಗೆ ರೈಲಿನಲ್ಲಿ ಹೋಗುತ್ತಿರುವಾಗ ಅವರಿಗೆ ಬಡವರಲ್ಲಿಗೆ ಹೋಗೆಂಬ ಕರೆ ಸ್ಪಷ್ಟವಾಗಿ ತೋರಿತು. ಕೆಲಸ ಆರಂಭಿಸಿದ ಮೇಲೆ, ಹೆಚ್ಚುಕಡಮೆ ಅರ್ಧ ಶತಮಾನ, ಒಳಗೆ ಬರಿಯ ಕತ್ತಲೆ. ಅವರು ಗತಿಸಿದ ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಕಾಗದಗಳು ಅಚ್ಚಾದಾಗ ಜನ ಬೆರಗಾದರು. ಆ ಕತ್ತಲೆಯಲ್ಲಿಯೇ ಅವರು ದಿನದಿನವೂ ಎದ್ದು ಪ್ರಾರ್ಥನೆಗೆ ಹೋದರು, ಸಾಯುವವರ ಬಳಿ ಕುಳಿತರು.

ಹಾಗಾದರೆ ಅನುಭವವೇ ಬೇಡವೆ, ಒಣ ನಂಬಿಕೆ ಬಾಯಿಪಾಠವಾಗದೆ ಎಂದು ಕೇಳಿದರೆ, ಆಗುತ್ತದೆ. ಹಾಗೆ ಆದುದನ್ನು ನಾವು ಬಹಳ ಕಂಡಿದ್ದೇವೆ. ಬಂದ ಆನಂದವನ್ನು ದೂಡಬೇಕೆಂದು ನಮ್ಮ ಮಾತಲ್ಲ. ಕೈಗೆ ಬಂದರೆ ಕೃತಜ್ಞತೆಯಿಂದ ತೆಗೆದುಕೊಳ್ಳುವುದು. ಅದು ಬಾರದವನನ್ನು ಪರಕೀಯನಂತೆ ನೋಡುವುದೇ ಅಪರಾಧ. ಕ್ರಿಸ್ತನು ತೋಮನಿಗೆ ಗಾಯವನ್ನು ತೋರಿಸಿದನು, ದಯೆಯಿಂದಲೇ ತೋರಿಸಿದನು. ಆದರೆ ಧನ್ಯರೆಂದು ಕರೆದುದು ಕಾಣದೆ ನಂಬಿದವರನ್ನು.

ಇಷ್ಟನ್ನು ಹೇಳಿ ನಮ್ಮ ತಪ್ಪನ್ನು ತಿದ್ದಿಕೊಳ್ಳಬೇಕೆಂದು ಎಳ್ಳಮಾವಾಸ್ಯೆಯ ಹೊತ್ತಿಗೆ ಮತ್ತೆ ಹತ್ತಿಕುಣಿಗೆ ಹೋದೆವು. ಮುದುಕರು ಬಿಳಿಜೋಳದ ಹೊಲದಲ್ಲಿದ್ದರು. ಪೈರು ಎದೆಮಟ್ಟ ಬೆಳೆದಿತ್ತು. ಮಳೆ ಯಾವಾಗ ಬಂದಿತ್ತೆಂದು ಕೇಳಿದೆವು. "ಸೀಗಿ ಹುಣ್ಣಿಮಿಗಿಂತ ಮೊದಲು. ಆಮ್ಯಾಲ ಹನಿ ಇಲ್ಲ" ಎಂದರು. ಮತ್ತೆ ಇದು ಹೇಗೆ ನಿಂತಿದೆ ಎಂದೆವು. ಈ ಪಟ್ಟಣದವರಿಗೆ ಇಷ್ಟೂ ತಿಳಿಯದೆ ಎಂಬಂತೆ ನಮ್ಮನ್ನು ನೋಡಿ, "ಒಳಗ ಹಸಿ ಐತಲ್ಲ, ಅಯ್ಯನವರೆ" ಎಂದರು. ವೆಸ್ಲಿಯ ಕಾಗದದ ಸಂಗತಿ ಹೇಳಿದೆವು. ಅವರು ಎರಡು ಸಲ ಕೇಳಿ ಖಚಿತಮಾಡಿಕೊಂಡರು: "ಅಷ್ಟು ದೊಡ್ಡವರಿಗೂ ಹಂಗಾಗಿತ್ತೇನು?" ಆಮೇಲೆ ಮನೆಗೆ ಕರೆದೊಯ್ದು, ಮೊಮ್ಮಗಳಿಂದ ಸತ್ಯವೇದವನ್ನು ತರಿಸಿ, ಎಲೀಯನ ಭಾಗವನ್ನು ಓದಿರೆಂದರು. ಓದಿದೆವು. ರೊಟ್ಟಿ ಮಾಡುತ್ತಿದ್ದ ಸೊಸೆಯೂ ಬಾಗಿಲಿಗೆ ಬಂದು ನಿಂತು ಕೇಳಿದಳು.